ಮೂರ್ಛೆರೋಗ ಮತ್ತು ಮದ್ದಿನ ಅವಧಿ: ವಿಜಯಪುರ ಪರಿಸರದ ಚಿಕಿತ್ಸಾ ಪರಂಪರೆಯ ಒಂದು ಚಾರಿತ್ರಿಕ ಅಧ್ಯಯನ

ಜನಪದ ವೈದ್ಯವನ್ನು ಕುರಿತು ಕನ್ನಡದಲ್ಲಿ ನಡೆದಿರುವ ಅಧ್ಯಯನಗಳು ಬಹುಮಟ್ಟಿಗೆ ಗಿಡಮೂಲಿಕೆಗಳ ಸಂಗ್ರಹಕ್ಕೂ ಮಂತ್ರ-ತಾಯಿತಗಳ ವರ್ಗೀಕರಣಕ್ಕೂ ಒತ್ತು ಕೊಟ್ಟಿವೆ. ಕಾರ್ಖಾನೆಯಲ್ಲಿ ತಯಾರಾದ ಗುಳಿಗೆಯು ಹಳ್ಳಿಯ ಮನೆಯ ಮಾಡವನ್ನು ಸೇರಿದ ಮೇಲೆ ಈ ವೈದ್ಯದ ಹಿಂದಿರುವ ತಿಳಿವಳಿಕೆ ಏನಾಯಿತು, ಅದು ಗುಳಿಗೆಯನ್ನು ಹೇಗೆ ತನ್ನದಾಗಿಸಿಕೊಂಡಿತು ಅಥವಾ ಹೇಗೆ ಹೊರಗಿಟ್ಟಿತು ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಈ ಪ್ರಶ್ನೆಯನ್ನು ಎತ್ತಿಕೊಳ್ಳಲು ಮೂರ್ಛೆರೋಗದಷ್ಟು ಸೂಕ್ತವಾದ ಇನ್ನೊಂದು ಕಾಯಿಲೆ ಸಿಗುವುದು ಕಷ್ಟ. ಇದಕ್ಕೆ ದೈವದ ವಿವರಣೆಯುಂಟು, ಗ್ರಂಥಸ್ಥ ವೈದ್ಯದ ವಿವರಣೆಯುಂಟು, ನೂರು ವರ್ಷಕ್ಕೂ ಮೀರಿದ ಇತಿಹಾಸವುಳ್ಳ ಅಗ್ಗದ ಗುಳಿಗೆಯೂ ಉಂಟು. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಬಡ ರಾಷ್ಟ್ರಗಳಲ್ಲಿ ಈ ರೋಗವುಳ್ಳವರ ಮುಕ್ಕಾಲು ಪಾಲು ಜನಕ್ಕೆ ತಕ್ಕ ಚಿಕಿತ್ಸೆ ದೊರೆಯುತ್ತಿಲ್ಲ. ಗುಳಿಗೆಯ ಲಾಭವೇನು, ಅದರ ಅಪಾಯವೇನು, ಎರಡನ್ನೂ ಜನ ಯಾವ ಮಾನದಂಡದಿಂದ ಅಳೆದರು ಎಂಬುದನ್ನು ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರಗಳ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಕೋಟಾ ಅಥಣಿಯ ದಾರಿಯಲ್ಲಿದೆ, ಬಬಲೇಶ್ವರ ಜಮಖಂಡಿಯ ದಾರಿಯಲ್ಲಿದೆ. ಎರಡೂ ನಗರದಿಂದ ಇಪ್ಪತ್ತು ಇಪ್ಪತ್ತೈದು ಕಿ.ಮೀ. ಅಂತರದ ಊರುಗಳು. 2018ರಲ್ಲಿ ತಾಲ್ಲೂಕು ಕೇಂದ್ರಗಳಾಗುವವರೆಗೆ ಅವು ವಿಜಯಪುರ ತಾಲ್ಲೂಕಿಗೇ ಸೇರಿದ್ದವು. ವಿಜಯಪುರವಾದರೂ 2014ರ ನವೆಂಬರ್ 1ರವರೆಗೆ ಸರ್ಕಾರಿ ದಾಖಲೆಗಳಲ್ಲಿ ಬಿಜಾಪುರವೇ ಆಗಿತ್ತು. ಬಿಳಿಜೋಳದ ಎರೆಹೊಲ, ತೆರೆದ ಬಾವಿ, ಇತ್ತೀಚಿನ ದಶಕಗಳ ದ್ರಾಕ್ಷಿ ತೋಟ, ಮಳೆ ಕೈಕೊಟ್ಟ ವರ್ಷ ಗುಳೆ: ಈ ನಾಲ್ಕು ಸಂಗತಿಗಳು ಮುಂದಿನ ಚರ್ಚೆಯಲ್ಲಿ ಮತ್ತೆ ಮತ್ತೆ ಬರುವುದರಿಂದ ಇಲ್ಲಿಯೇ ಹೇಳಬೇಕಾಗಿದೆ.

ಹೆಸರು ಮತ್ತು ಗುರುತು

ಗ್ರಂಥಭಾಷೆಯ ಅಪಸ್ಮಾರ, ಮೂರ್ಛೆರೋಗಗಳು ಈ ಭಾಗದ ಆಡುಮಾತಿನಲ್ಲಿ ‘ಮೂರ್ಚಿ ಬ್ಯಾನಿ’ಯಾಗುತ್ತವೆ. ನಗರದ ದಖನಿ ಮಾತನಾಡುವ ಮನೆಗಳಲ್ಲಿ ‘ಮಿರ್ಗಿ’. ಆಸ್ಪತ್ರೆಯಿಂದ ಬಂದ ‘ಫಿಟ್ಸ್’ ಎಂಬ ಪದ ಇಂದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದೆ. ಇದು ಕೇವಲ ಪದದ ಬದಲಾವಣೆಯಲ್ಲ. ಹಳೆಯ ಹೆಸರುಗಳಿಗೆ ಅಂಟಿಕೊಂಡಿದ್ದ ಕಳಂಕವನ್ನು ಹೊರಗಿನ ಪದವೊಂದು ಸ್ವಲ್ಪಮಟ್ಟಿಗೆ ತೆಳುವಾಗಿಸಿತು. ‘ಫಿಟ್ಸ್ ಗುಳಿಗಿ’ ಎಂದು ಅಂಗಡಿಯಲ್ಲಿ ಕೇಳುವುದು ರೋಗದ ಹೆಸರನ್ನು ಹೇಳಿದಂತೆಯೂ ಹೇಳದಂತೆಯೂ ಇರುತ್ತದೆ.

ಗ್ರಾಮೀಣರು ಈ ರೋಗವನ್ನು ಬರಿಯ ದೆವ್ವದ ಕಾಟವೆಂದು ನಂಬುತ್ತಾರೆಂಬ ಹೇಳಿಕೆ ಆರೋಗ್ಯ ಶಿಕ್ಷಣದ ಪ್ರಕಟಣೆಗಳಲ್ಲಿ ಸಾಮಾನ್ಯವಾಗಿದೆ. ಇದು ಅರ್ಧಸತ್ಯ. ಜಾತ್ರೆಯಲ್ಲಿ ದೇವರು ಮೈದುಂಬುವುದಕ್ಕೂ ಮನುಷ್ಯ ಸ್ಮೃತಿ ತಪ್ಪಿ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಜಾತ್ರೆ ಕಂಡ ಜನ ಬಲ್ಲರು. ಮೈದುಂಬಿದವರು ಮಾತನಾಡುತ್ತಾರೆ, ಪ್ರಶ್ನೆಗೆ ಉತ್ತರಿಸುತ್ತಾರೆ, ಬಿದ್ದರೂ ಗಾಯವಾಗದಂತೆ ಬೀಳುತ್ತಾರೆ. ಮೂರ್ಛೆ ಬಂದವರಿಗೆ ಮಾತಿಲ್ಲ. ಬಾಯಲ್ಲಿ ನೊರೆ, ಕಚ್ಚಿದ ನಾಲಗೆ, ತಿಳಿಯದೆ ಹೋದ ಮೂತ್ರ, ಎಚ್ಚರವಾದ ಮೇಲೆ ಆಯಾಸದ ನಿದ್ದೆ. ಈ ಗುರುತುಗಳು ವೈದ್ಯರು ರೋಗಿಯ ಕಡೆಯವರನ್ನು ಕೇಳಿ ತಿಳಿಯುವ ಗುರುತುಗಳೇ ಆಗಿವೆ. ಭಿನ್ನಾಭಿಪ್ರಾಯವಿರುವುದು ಗುರುತಿನಲ್ಲಲ್ಲ, ಕಾರಣದಲ್ಲಿ. ಗಾಳಿ ಸೋಕು, ಹರಕೆ ತಪ್ಪಿದ್ದು, ಅಮವಾಸ್ಯೆಯ ದಿನ ದಾಟಬಾರದ್ದನ್ನು ದಾಟಿದ್ದು ಎಂಬ ವಿವರಣೆಗಳು ‘ಇವನಿಗೇ ಏಕೆ’ ಎಂಬ ಪ್ರಶ್ನೆಗೆ ಉತ್ತರ. ಆ ಪ್ರಶ್ನೆಗೆ ನರವಿಜ್ಞಾನವೂ ಎಲ್ಲ ರೋಗಿಗಳ ವಿಷಯದಲ್ಲಿ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ.

ಬಿದ್ದವರ ಕೈಗೆ ಕಬ್ಬಿಣದ ಕೀಲಿ ಕೊಡುವುದು, ಮೂಗಿಗೆ ಕೆರ ಅಥವಾ ಜಜ್ಜಿದ ಉಳ್ಳಾಗಡ್ಡಿ ಹಿಡಿಯುವುದು ಎಲ್ಲರಿಗೂ ತಿಳಿದ ಉಪಚಾರಗಳು. ಬಹುತೇಕ ಸೆಳೆತಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಕೀಲಿಯನ್ನು ಹುಡುಕಿ ತಂದು ಬಿಗಿದ ಬೆರಳುಗಳ ನಡುವೆ ತುರುಕುವುದಕ್ಕೆ ಹಿಡಿಯುವ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಕಬ್ಬಿಣಕ್ಕೆ ಬಂದ ಕೀರ್ತಿಯ ಮೂಲ ಈ ಹೊಂದಾಣಿಕೆಯಲ್ಲಿದೆ. ಕೀಲಿಯಿಂದ ಹಾನಿಯಿಲ್ಲ; ಆದರೆ ಹಲ್ಲುಗಳ ನಡುವೆ ಚಮಚ ತುರುಕುವುದರಿಂದಲೂ ಬಾಯಿಗೆ ನೀರು ಹೊಯ್ಯುವುದರಿಂದಲೂ ಹಾನಿಯುಂಟು. ಹಣೆಗೂ ಹೊಟ್ಟೆಗೂ ಬರೆ ಹಾಕುವ ಪದ್ಧತಿಯ ಬಗೆಗೆ ಸಮರ್ಥನೆಯ ಮಾತಿಗೆ ಅವಕಾಶವೇ ಇಲ್ಲ.

ಗ್ರಂಥಸ್ಥ ಪರಂಪರೆ

ಚರಕಸಂಹಿತೆಯು ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಅಪಸ್ಮಾರಕ್ಕೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟಿದೆ. ಹೆಸರೇ ಸೂಚಿಸುವಂತೆ ಸ್ಮೃತಿಯ ಅಪಗಮನವೇ ರೋಗದ ಲಕ್ಷಣ. ವಾತ, ಪಿತ್ತ, ಕಫಗಳಿಂದ ಬರುವ ಮೂರು ಬಗೆ, ಮೂರೂ ಕೂಡಿ ಬರುವ ನಾಲ್ಕನೆಯ ಬಗೆ. ಈ ನಾಲ್ಕನೆಯದು ಅಸಾಧ್ಯವೆಂದು ಗ್ರಂಥದ ಅಭಿಪ್ರಾಯ. ಶೋಧನದ ನಂತರ ಪಂಚಗವ್ಯ ಘೃತ, ಬ್ರಾಹ್ಮೀ ಘೃತಗಳಂಥ ಸಿದ್ಧತುಪ್ಪಗಳ ಸೇವನೆಯನ್ನು ಅದು ವಿಧಿಸುತ್ತದೆ. ಇದಕ್ಕಿಂತ ಗಮನಾರ್ಹವಾದುದು ಅದೇ ಅಧ್ಯಾಯ ಕೊಡುವ ಒಂದು ಎಚ್ಚರಿಕೆ. ಇಂಥ ರೋಗಿಯನ್ನು ನೀರು, ಬೆಂಕಿ, ಮರ, ಬೆಟ್ಟಗಳಿಂದ ಸದಾ ಕಾಯಬೇಕು, ಇವು ತತ್‌ಕ್ಷಣ ಪ್ರಾಣ ತೆಗೆಯುತ್ತವೆ ಎಂಬುದು ಅದರ ತಾತ್ಪರ್ಯ. ತಿಕೋಟಾ ಭಾಗದ ಕಟ್ಟೆಯಿಲ್ಲದ ಬಾವಿ ಮತ್ತು ನೆಲಮಟ್ಟದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಹೆಣ್ಣುಮಗಳನ್ನು ನೆನೆದರೆ ಎರಡು ಸಾವಿರ ವರ್ಷ ಹಿಂದಿನ ಈ ಎಚ್ಚರಿಕೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮೂರ್ಛೆರೋಗದಲ್ಲಿ ಅಕಾಲ ಮರಣದ ಸಾಧ್ಯತೆ ಇತರರಿಗಿಂತ ಮೂರು ಪಟ್ಟಿನವರೆಗೆ ಹೆಚ್ಚೆಂದು ಇಂದಿನ ಅಂಕಿಅಂಶಗಳು ಹೇಳುತ್ತವೆ. ಮುಳುಗುವುದು ಮತ್ತು ಸುಡುವುದು ಆ ಮರಣದ ಕಾರಣಗಳಲ್ಲಿ ಸೇರಿವೆ.

ಆದಿಲಶಾಹಿ ವಿಜಯಪುರಕ್ಕೆ ಈ ಚರಿತ್ರೆಯಲ್ಲಿ ವಿಶಿಷ್ಟವಾದ ಸ್ಥಾನವಿದೆ. 1589ರಲ್ಲಿ ಎರಡನೆಯ ಇಬ್ರಾಹೀಮ ಆದಿಲಶಹನ ಆಸ್ಥಾನಕ್ಕೆ ಬಂದ ಫಿರಿಶ್ತಾ ಇತಿಹಾಸಕಾರನಾಗಿ ಪ್ರಸಿದ್ಧ. ಆತ ವೈದ್ಯನೂ ಆಗಿದ್ದು, ಭಾರತೀಯ ವೈದ್ಯಪದ್ಧತಿಯನ್ನು ಯುನಾನಿ ಹಕೀಮರಿಗೆ ಪರಿಚಯಿಸುವ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಪರ್ಷಿಯನ್ ಗ್ರಂಥವನ್ನು ರಚಿಸಿದನೆಂಬುದು ಇತಿಹಾಸದ ವಿದ್ಯಾರ್ಥಿಗಳಲ್ಲೂ ಅನೇಕರ ಗಮನಕ್ಕೆ ಬಂದಿಲ್ಲ. ಒಂದು ವೈದ್ಯದ ಔಷಧವನ್ನು ಇನ್ನೊಂದು ವೈದ್ಯದ ಭಾಷೆಗೆ ತಿರುಗಿಸುವ ಕೆಲಸ ಈ ನಗರದಲ್ಲಿ ನಾಲ್ಕು ನೂರು ವರ್ಷಗಳ ಹಿಂದೆಯೇ ನಡೆದಿತ್ತು. ಗುಳಿಗೆಯ ಕಾಲದಲ್ಲಿ ಅಂಥ ಪ್ರಯತ್ನ ನಡೆಯದಿರುವುದು ಗಮನಿಸಬೇಕಾದ ಸಂಗತಿ.

ಬ್ರೋಮೈಡಿನಿಂದ ಗುಳಿಗೆಯವರೆಗೆ

1848ರಲ್ಲಿ ಸಾತಾರೆಯ ರಾಜ್ಯ ಬ್ರಿಟಿಷರ ವಶವಾದಾಗ ಬಿಜಾಪುರ ಮುಂಬಯಿ ಪ್ರಾಂತಕ್ಕೆ ಸೇರಿತು. ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. ಅದಕ್ಕೆ ಮೊದಲೇ, 1845ರಲ್ಲಿ, ಧಾರವಾಡದಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆ ಸ್ಥಾಪನೆಯಾಗಿತ್ತು. ಇಂದಿನ ಡಿಮ್ಹಾನ್ಸ್ ಸಂಸ್ಥೆಯ ಮೂಲ ಅದೇ. ಆ ಕಾಲದ ಇಂಥ ಆಸ್ಪತ್ರೆಗಳಲ್ಲಿ ಮೂರ್ಛೆರೋಗಿಗಳನ್ನೂ ಹುಚ್ಚಿನ ಲೆಕ್ಕದಲ್ಲಿ ಸೇರಿಸುತ್ತಿದ್ದರು. ಮೂರ್ಛೆ ಮತ್ತು ಹುಚ್ಚುಗಳನ್ನು ಒಂದೇ ಸಾಲಿನಲ್ಲಿ ಬರೆಯುವ ಅಭ್ಯಾಸ ಮುಂದೆ ಸ್ವತಂತ್ರ ಭಾರತದ ಕಾನೂನಿನವರೆಗೂ ಬಂದುದನ್ನು ಕೆಳಗೆ ನೋಡಲಿದ್ದೇವೆ.

ಯುರೋಪಿನಲ್ಲಿ ಪರಿಣಾಮಕಾರಿಯೆನಿಸಿದ ಮೊದಲ ಔಷಧ ಪೊಟ್ಯಾಸಿಯಂ ಬ್ರೋಮೈಡ್. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಅದರ ಉಪಯೋಗವನ್ನು ಪ್ರಕಟಪಡಿಸಿದನು. ಸೆಳೆತ ಕಡಿಮೆಯಾಯಿತು, ಆದರೆ ದೀರ್ಘಕಾಲ ಸೇವಿಸಿದವರ ಮೈಮೇಲೆ ಗುಳ್ಳೆ ಎದ್ದವು, ಬುದ್ಧಿ ಮಂಕಾಯಿತು, ನಡಿಗೆ ತಪ್ಪಿತು. ರೋಗವನ್ನು ತಡೆಯುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆಯಿತ್ತು. ಲಾಭ ಮತ್ತು ಅಪಾಯ ಒಂದೇ ಸೀಸೆಯಲ್ಲಿ ಬರುತ್ತವೆಂಬ ಅರಿವು ಈ ರೋಗದ ಔಷಧ ಚರಿತ್ರೆಯ ಪ್ರಾರಂಭದಲ್ಲಿಯೇ ಇದೆ.

1912ರಲ್ಲಿ ಜರ್ಮನಿಯ ಫ್ರೈಬುರ್ಗಿನ ತರುಣ ವೈದ್ಯ ಆಲ್ಫ್ರೆಡ್ ಹೌಪ್ಟ್‌ಮನ್, ನಿದ್ದೆಗೆಂದು ಕೊಡುತ್ತಿದ್ದ ಫಿನೋಬಾರ್ಬಿಟೋನ್ ಸೆಳೆತವನ್ನೂ ತಡೆಯುತ್ತದೆಂದು ಕಂಡುಕೊಂಡನು. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ಎಂಬವರು ಫಿನಿಟಾಯಿನ್ ಔಷಧದ ಗುಣವನ್ನು ಪ್ರಕಟಿಸಿದರು. ಅದರಲ್ಲಿ ಮಂಪರು ಕಡಿಮೆ ಎಂಬುದೇ ಅದರ ದೊಡ್ಡ ಲಾಭವಾಗಿತ್ತು. 1960ರ ದಶಕದಲ್ಲಿ ಕಾರ್ಬಮಜೆಪಿನ್ ಮತ್ತು ವಾಲ್‌ಪ್ರೋಯೇಟ್, 1990ರ ದಶಕದಲ್ಲಿ ಲ್ಯಾಮೊಟ್ರಿಜಿನ್ ಮತ್ತು ಅದರ ಬೆನ್ನಿಗೆ ಲೆವೆಟಿರಾಸಿಟಮ್ ಬಳಕೆಗೆ ಬಂದವು. ಹಳೆಯ ಎರಡು ಗುಳಿಗೆಗಳು ಮಾತ್ರ ಇಂದಿಗೂ ಹೋಗಿಲ್ಲ. ಗಾರ್ಡಿನಾಲ್, ಎಪ್ಟಾಯಿನ್ ಎಂಬ ಅವುಗಳ ವ್ಯಾಪಾರಿ ಹೆಸರುಗಳು ಊರುಗಳ ಔಷಧ ಅಂಗಡಿಗಳಲ್ಲಿ ಕಿರಾಣಿ ಸಾಮಾನಿನ ಹೆಸರುಗಳಷ್ಟೇ ಪರಿಚಿತ.

ಬಿಜಾಪುರದ ಭಾಗದಿಂದ ದೊಡ್ಡ ಆಸ್ಪತ್ರೆಯೆಂದರೆ ಮಿರಜ ಅಥವಾ ಸೊಲ್ಲಾಪುರ ಎಂಬ ವಾಡಿಕೆ ಬಹುಕಾಲ ಇತ್ತು. ಮಿರಜಿನಲ್ಲಿ ವಿಲಿಯಂ ವಾನ್ಲೆಸ್ ಸ್ಥಾಪಿಸಿದ ಮಿಷನ್ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ಹೆಸರಾಗಿತ್ತು. 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯ, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ ನಗರದಲ್ಲಿ ಪ್ರಾರಂಭವಾದ ಮೇಲೆ ಈ ದಾರಿ ಬದಲಾಯಿತು.

ಗುಳಿಗೆಯ ಲಾಭವನ್ನು ಅಳೆದುದು

ಗುಳಿಗೆ ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಸೆಳೆತವನ್ನು ತಡೆಹಿಡಿಯುತ್ತದೆ, ಅಷ್ಟೆ. ಈ ಒಂದು ವಾಕ್ಯವನ್ನು ರೋಗಿಯ ಮನೆಯವರಿಗೆ ಅವರ ಭಾಷೆಯಲ್ಲಿ ಹೇಳುವುದರ ಮೇಲೆ ಉಳಿದೆಲ್ಲವೂ ನಿಂತಿದೆ.

ತಡೆಹಿಡಿಯುವ ಶಕ್ತಿ ಮಾತ್ರ ಅಲ್ಪವಾದುದಲ್ಲ. ಗ್ಲಾಸ್ಗೋ ನಗರದಲ್ಲಿ 525 ರೋಗಿಗಳನ್ನು ಗಮನಿಸಿ 2000ದಲ್ಲಿ ಪ್ರಕಟವಾದ ಅಧ್ಯಯನದಂತೆ 63 ಶೇಕಡಾ ಜನ ಸೆಳೆತದಿಂದ ಪೂರ್ಣ ಮುಕ್ತರಾದರು. ಮೊದಲ ಸಲ ಚಿಕಿತ್ಸೆಗೆ ಬಂದವರಲ್ಲಿ ಅರ್ಧದ ಸಮೀಪದಷ್ಟು ಜನಕ್ಕೆ ಮೊದಲನೆಯ ಗುಳಿಗೆಯೇ ಸಾಕಾಯಿತು. ತಕ್ಕ ಚಿಕಿತ್ಸೆ ದೊರೆತರೆ ನೂರಕ್ಕೆ ಎಪ್ಪತ್ತು ಜನ ಸೆಳೆತವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದ ಮೂವತ್ತು ಜನರ ವಿಷಯದಲ್ಲಿ ಗುಳಿಗೆಗಳ ಸಂಖ್ಯೆ ಏರುತ್ತ ಹೋಗುತ್ತದೆ, ಸೆಳೆತ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅವರ ಪೈಕಿ ಕೆಲವರಿಗೆ ಮಾತ್ರ ಶಸ್ತ್ರಚಿಕಿತ್ಸೆಯ ದಾರಿ ಇದೆ.

ಈ ಲಾಭ ಹಳ್ಳಿಗೂ ಮುಟ್ಟಬಲ್ಲದೇ ಎಂಬ ಪ್ರಶ್ನೆಗೆ ಕರ್ನಾಟಕವೇ ಉತ್ತರ ಒದಗಿಸಿದೆ. ಬೆಂಗಳೂರಿನ ನರರೋಗ ತಜ್ಞ ಕೆ.ಎಸ್. ಮಣಿ ಮತ್ತು ಸಂಗಡಿಗರು 1990ರ ದಶಕದಲ್ಲಿ ಯಳಂದೂರು ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆಯ ಸಮೀಕ್ಷೆ ನಡೆಸಿ, ಗುರುತಿಸಿದ ರೋಗಿಗಳಿಗೆ ಫಿನೋಬಾರ್ಬಿಟೋನ್ ಅಥವಾ ಫಿನಿಟಾಯಿನ್ ಕೊಟ್ಟು ಹಲವು ವರ್ಷ ಹಿಂಬಾಲಿಸಿದರು. ಆ ಎರಡು ಅಗ್ಗದ ಗುಳಿಗೆಗಳಿಂದಲೇ ಗ್ರಾಮೀಣ ಪರಿಸರದಲ್ಲಿ ರೋಗವನ್ನು ಹತೋಟಿಗೆ ತರಲು ಸಾಧ್ಯವೆಂಬ ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರು ನಗರ ಮತ್ತು ಗ್ರಾಮಾಂತರದ 1,02,557 ಜನರನ್ನು ಒಳಗೊಂಡ ನಿಮ್ಹಾನ್ಸ್ ಸಮೀಕ್ಷೆ ಪ್ರತಿ ಸಾವಿರಕ್ಕೆ 8.8 ರೋಗಿಗಳನ್ನು ಗುರುತಿಸಿತು: ಹಳ್ಳಿಗಳಲ್ಲಿ 11.9, ನಗರದಲ್ಲಿ 5.7. ಗೌರಿಬಿದನೂರಿನಲ್ಲಿ ನಿಮ್ಹಾನ್ಸ್ ನಡೆಸಿದ ತಿಂಗಳ ಚಿಕಿತ್ಸಾಲಯವೂ, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾರಂಭವಾದ ಮಾನಸಿಕ ಆರೋಗ್ಯ ಯೋಜನೆಯೂ ಇದೇ ದಿಕ್ಕಿನ ಪ್ರಯತ್ನಗಳು. ಬಳ್ಳಾರಿಯಲ್ಲಿ ಮೂರ್ಛೆರೋಗದ ಗುಳಿಗೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಕೈಗೆ ಕೊಡಲಾಯಿತು. ತಜ್ಞರಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸಬಹುದೆಂಬುದು ಅದರ ತತ್ತ್ವ.

ಇನ್ನೊಂದು ವಿಷಯವನ್ನು ಜಾನಪದದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ಮೂರ್ಛೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ, ಬೇರೆಡೆಗಿಂತ ಹೆಚ್ಚಾಗಿ ಕಂಡುಬರುತ್ತದೆ. ಮಣಿಯವರು 1968ರಲ್ಲಿಯೇ ಇದನ್ನು ವರ್ಣಿಸಿದರು; ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಅವರು ಮುಂದೆ ವಿಸ್ತಾರವಾಗಿ ಅಭ್ಯಸಿಸಿದರು. ಹಂಡೆಯ ಕುದಿನೀರನ್ನು ತಂಬಿಗೆಯಿಂದ ತಲೆಯ ಮೇಲೆ ಒಂದರ ಹಿಂದೊಂದು ಸುರಿಯುವ ಸ್ನಾನಪದ್ಧತಿಯೇ ಇಲ್ಲಿ ಪ್ರಚೋದಕ. ನೀರಿನ ಕಾವನ್ನು ತಗ್ಗಿಸಿದರೆ ಅನೇಕರಿಗೆ ಅದೇ ಸಾಕು. ಸಾಲದವರಿಗೆ ತಲೆಸ್ನಾನಕ್ಕೆ ಒಂದೆರಡು ತಾಸು ಮೊದಲು ಕ್ಲೋಬಜಾಮ್ ಗುಳಿಗೆ ಕೊಡುವ ಪದ್ಧತಿಯಿದೆ. ದಿನವೂ ಗುಳಿಗೆ ಬೇಕಾಗುವುದಿಲ್ಲವಾದ್ದರಿಂದ ಅದರ ಅಪಾಯವೂ ಕಡಿಮೆ. ಅಮವಾಸ್ಯೆ ಹುಣ್ಣಿಮೆಗಳಂದು ಮೂರ್ಛೆ ಕೆರಳುತ್ತದೆಂಬ ನಂಬಿಕೆಯನ್ನು ಈ ಬೆಳಕಿನಲ್ಲಿ ಪುನಃ ನೋಡಲು ಅವಕಾಶವಿದೆ. ಆ ದಿನಗಳಲ್ಲಿ ತಲೆಗೆ ನೀರು ಹಾಕಿಕೊಳ್ಳುವುದು, ಉಪವಾಸ, ಭಜನೆಯ ಜಾಗರಣೆ ಮೂರೂ ಕೂಡಿಬರುತ್ತವೆ. ನಿದ್ದೆಗೇಡು ಸೆಳೆತವನ್ನು ಪ್ರಚೋದಿಸುತ್ತದೆಂಬುದು ಸ್ಥಾಪಿತ ಸಂಗತಿ. ಚಂದ್ರನನ್ನು ಬಿಟ್ಟು ಚಂದ್ರಮಾನದ ಆಚರಣೆಯನ್ನು ಪರೀಕ್ಷಿಸಿದರೆ ನಂಬಿಕೆಯಲ್ಲಿ ಅನುಭವದ ಅಂಶ ಇದ್ದಿರಬಹುದೆಂದು ತೋರುತ್ತದೆ.

ಅವಧಿಯ ಪ್ರಶ್ನೆ

ಜನಪದ ವೈದ್ಯದಲ್ಲಿ ಪ್ರತಿಯೊಂದು ಮದ್ದಿಗೂ ಅವಧಿಯುಂಟು. ಮೂರು ದಿನ, ಒಂಬತ್ತು ದಿನ, ಇಪ್ಪತ್ತೊಂದು ದಿನ, ಐದು ಅಮವಾಸ್ಯೆ. ಅಷ್ಟು ದಿನ ಪಥ್ಯ, ಅದು ಮುಗಿದ ದಿನ ಪಥ್ಯ ಬಿಡುವುದು. ಹರಕೆಗೂ ಇದೇ ರಚನೆಯಿದೆ. ಮದ್ದು ಪ್ರಾರಂಭವಾಗುತ್ತದೆ, ಮುಗಿಯುತ್ತದೆ. ಮುಗಿದದ್ದೇ ವಾಸಿಯಾದ ಸಾಕ್ಷಿ. ಮೂರ್ಛೆಯ ಗುಳಿಗೆಗೆ ಈ ಕಟ್ಟು ಒಗ್ಗುವುದಿಲ್ಲ. ವರ್ಷಗಟ್ಟಲೆ ದಿನವೂ ನುಂಗಬೇಕು, ಅದೂ ರೋಗ ಕಾಣಿಸದ ದಿನಗಳಲ್ಲಿ. ಆರು ತಿಂಗಳು ಸೆಳೆತ ಬರಲಿಲ್ಲವೆಂದರೆ ಜನಪದ ವೈದ್ಯದ ತರ್ಕಕ್ಕೆ ಮದ್ದು ಮುಗಿಯಿತು; ಆಸ್ಪತ್ರೆಯ ತರ್ಕಕ್ಕೆ ಮದ್ದು ಕೆಲಸ ಮಾಡುತ್ತಿದೆ. ಗುಳಿಗೆ ನಿಲ್ಲಿಸುವವರನ್ನು ಅಜ್ಞಾನಿಗಳೆಂದು ಕರೆಯುವ ಮೊದಲು ಅವರು ಇನ್ನೊಂದು ವೈದ್ಯದ ನಿಯಮವನ್ನು ಶಿಸ್ತಿನಿಂದ ಪಾಲಿಸುತ್ತಿದ್ದಾರೆಂಬುದನ್ನು ತಿಳಿಯುವುದು ಅಗತ್ಯ.

ಆ ಶಿಸ್ತಿನ ಬೆಲೆ ದೊಡ್ಡದು. ಫಿನೋಬಾರ್ಬಿಟೋನನ್ನು ಥಟ್ಟನೆ ಬಿಟ್ಟರೆ ಸೆಳೆತ ಹಿಂದಿಗಿಂತ ಜೋರಾಗಿ, ಒಂದರ ಮೇಲೊಂದು ಬರಬಹುದು. ಐದು ನಿಮಿಷ ಮೀರಿ ನಿಲ್ಲದ ಸೆಳೆತ ಜೀವಕ್ಕೆ ಅಪಾಯ. ಹೊಸ ದೇವರಿಗೆ ಹರಕೆ ಹೊತ್ತು, ಅದರ ಪಥ್ಯವೆಂದು ಗುಳಿಗೆ ಬಿಡಿಸಿದಾಗ ನಡೆಯುವ ಅನಾಹುತ ಇದೇ. ಆಗ ಬಂದ ಸೆಳೆತವನ್ನು ದೇವರ ಸಿಟ್ಟೆಂದು ಓದಲಾಗುತ್ತದೆ. ಗುಳಿಗೆ ಬಿಟ್ಟದ್ದು ಆ ಓದಿನಲ್ಲಿ ಬರುವುದೇ ಇಲ್ಲ.

ಗುಳಿಗೆಯನ್ನು ಎಂದೂ ನಿಲ್ಲಿಸಬಾರದೆಂದೇನೂ ಇಲ್ಲ. ಎರಡು ವರ್ಷವಾದರೂ ಸೆಳೆತವಿಲ್ಲದ 1,013 ರೋಗಿಗಳ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ನಡೆಸಿದ ಅಧ್ಯಯನ 1991ರಲ್ಲಿ ಪ್ರಕಟವಾಯಿತು. ಮುಂದಿನ ಎರಡು ವರ್ಷಗಳಲ್ಲಿ ಗುಳಿಗೆ ಮುಂದುವರಿಸಿದವರ ಪೈಕಿ 78 ಶೇಕಡಾ, ನಿಧಾನವಾಗಿ ನಿಲ್ಲಿಸಿದವರ ಪೈಕಿ 59 ಶೇಕಡಾ ಜನ ಸೆಳೆತವಿಲ್ಲದೆ ಉಳಿದರು. ಈ ಎರಡು ಸಂಖ್ಯೆಗಳನ್ನು ಹೇಗೂ ಓದಬಹುದು. ನಿಲ್ಲಿಸಿದ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಏನೂ ಆಗಲಿಲ್ಲ. ಮುಂದುವರಿಸಿದ ಐವರಲ್ಲಿ ಒಬ್ಬರಿಗೆ ಗುಳಿಗೆಯಿದ್ದೂ ಸೆಳೆತ ಬಂದಿತು. ಬಾವಿಯ ದಂಡೆಯ ಮೇಲೆ ದುಡಿಯುವವನಿಗೂ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೂ ಈ ಸಂಖ್ಯೆಗಳ ಅರ್ಥ ಒಂದೇ ಅಲ್ಲ. ‘ಪಥ್ಯದ ಅವಧಿ ಎರಡು ಮೂರು ವರ್ಷ, ಬಿಡುವುದೂ ತಿಂಗಳುಗಟ್ಟಲೆ, ಮೆಲ್ಲಗೆ, ವೈದ್ಯರು ಹೇಳಿದಂತೆ’ ಎಂದು ಜನಪದ ವೈದ್ಯದ ಪರಿಭಾಷೆಯಲ್ಲೇ ಹೇಳಿದ್ದರೆ ಗುಳಿಗೆ ಇಷ್ಟು ಪರಕೀಯವಾಗಿ ಉಳಿಯುತ್ತಿರಲಿಲ್ಲ.

ಗುಳೆಯ ಸಮಸ್ಯೆ ಬೇರೆ. ಬರಗಾಲದ ವರ್ಷ ಈ ಜಿಲ್ಲೆಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಹೋಗುತ್ತಾರೆ. ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಮ್ಮೆ ಸಿಗುವ ಗುಳಿಗೆ ಆರು ತಿಂಗಳ ಗುಳೆಗೆ ಸಾಲದು. ರಾತ್ರಿ ಪಾಳಿಯ ಕಡಿತ, ಅರೆ ನಿದ್ದೆ, ಮುಗಿದ ಗುಳಿಗೆ: ಸೆಳೆತಕ್ಕೆ ಇದಕ್ಕಿಂತ ಅನುಕೂಲವಾದ ಸಂದರ್ಭ ಬೇರಿಲ್ಲ. ಫಿನೋಬಾರ್ಬಿಟೋನು ಮಾದಕದ್ರವ್ಯಗಳ 1985ರ ಕಾಯಿದೆಯ ಮನೋಪ್ರಭಾವಿ ವಸ್ತುಗಳ ಪಟ್ಟಿಯಲ್ಲಿದೆ. ಪರವೂರಿನ ಅಂಗಡಿಯವನು ಚೀಟಿಯಿಲ್ಲದೆ ಅದನ್ನು ಕೊಡಲಾರ, ಕೊಡಲೂಬಾರದು. ಚೀಟಿ ಊರಲ್ಲಿರುತ್ತದೆ.

ಈ ತೆರವನ್ನು ಹೆಸರಿಲ್ಲದ ಪುಡಿಗಳು ತುಂಬುತ್ತವೆ. ‘ಗಾಂವಟಿ ಔಷಧ’ವೆಂದು ಮಾರುವ ಇಂಥ ಕೆಲವು ಪುಡಿಗಳಲ್ಲಿ ಫಿನೋಬಾರ್ಬಿಟೋನ್ ಬೆರೆಸಿರುವುದು ಭಾರತದಲ್ಲಿ ಪ್ರಯೋಗಾಲಯದ ಪರೀಕ್ಷೆಗಳಿಂದ ಬಯಲಾಗಿದೆ. ಗುಳಿಗೆ ಬಿಟ್ಟು ಬೇರುಮದ್ದು ಹಿಡಿದೆನೆಂದು ನಂಬಿದವನು ಅದೇ ಗುಳಿಗೆಯನ್ನು ಅಳತೆಯಿಲ್ಲದೆ ನುಂಗುತ್ತಿರುತ್ತಾನೆ. ಪುಡಿ ಫಲಕಾರಿಯಾದರೆ ಕೀರ್ತಿ ಬೇರಿಗೆ. ಪುಡಿ ಮುಗಿದು ಸೆಳೆತ ಮರುಕಳಿಸಿದಾಗ ದೋಷ ಪಥ್ಯ ಕೆಡಿಸಿದವನಿಗೆ. ನಿಜವಾದ ನಾಟಿ ವೈದ್ಯರ ಹೆಸರಿಗೂ ಇದರಿಂದ ಕಳಂಕ ತಟ್ಟಿದೆ.

ಎಲ್ಲ ಮೂರ್ಛೆಗೂ ಗುಳಿಗೆಯೊಂದೇ ಉತ್ತರವಲ್ಲವೆಂಬುದನ್ನೂ ಸೇರಿಸಬೇಕು. ಭಾರತದಲ್ಲಿ ಲಾಡಿಹುಳುವಿನ ಮರಿಕೋಶ ಮೆದುಳಿನಲ್ಲಿ ನೆಲೆಸುವುದು ಮೂರ್ಛೆಯ ಒಂದು ಮುಖ್ಯ ಕಾರಣ. ಹುಳುವಿನ ಮೊಟ್ಟೆ ಕೊಳಕು ನೀರು, ತೊಳೆಯದ ಕಾಯಿಪಲ್ಲೆಗಳ ಮೂಲಕ ಬರುವುದರಿಂದ ಮಾಂಸ ಮುಟ್ಟದ ಮನೆಗಳಿಗೂ ಅದು ತಪ್ಪಿದ್ದಲ್ಲ.

ಹೆಣ್ಣುಮಕ್ಕಳು, ಮದುವೆ, ಗುಳಿಗೆ

ಲಾಭ-ಅಪಾಯಗಳ ತಕ್ಕಡಿ ಗಂಡಸಿಗೂ ಹೆಂಗಸಿಗೂ ಒಂದೇ ರೀತಿ ತೂಗುವುದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಂದ ತಿದ್ದುಪಡಿಯು ಪದೇಪದೇ ಬರುವ ಹುಚ್ಚು ಅಥವಾ ಮೂರ್ಛೆಯ ಆಘಾತಕ್ಕೆ ಒಳಗಾದವರನ್ನು ವಿವಾಹಕ್ಕೆ ಅನರ್ಹರೆಂದಿತು. ‘ಮೂರ್ಛೆ’ ಎಂಬ ಮಾತನ್ನು ಅಲ್ಲಿಂದ ತೆಗೆದದ್ದು 1999ರಲ್ಲಿ. ಇಪ್ಪತ್ತಮೂರು ವರ್ಷ ಈ ರೋಗವನ್ನು ಮುಚ್ಚಿಡುವುದಕ್ಕೆ ಕಾನೂನೇ ಕಾರಣ ಒದಗಿಸಿತ್ತು. ಕಾನೂನು ಹೋದರೂ ಅಭ್ಯಾಸ ಹೋಗಿಲ್ಲ. ಮದುವೆಗೆ ಮೊದಲೇ ರೋಗವಿದ್ದ 82 ಮಹಿಳೆಯರನ್ನು ಕುರಿತು 2007ರಲ್ಲಿ ಪ್ರಕಟವಾದ ಕೇರಳದ ಅಧ್ಯಯನವೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಾತುಕತೆಯ ಕಾಲದಲ್ಲಿ ವಿಷಯವನ್ನು ಮುಚ್ಚಿಟ್ಟಿದ್ದರು. ಮುಚ್ಚಿಟ್ಟವರಿಗೆ ಗಂಡನ ಮನೆಯಲ್ಲಿ ಗುಳಿಗೆಯನ್ನು ಕ್ರಮವಾಗಿ ನುಂಗುವುದೇ ಅಸಾಧ್ಯವಾಗಿತ್ತು.

ವಿಜಯಪುರ ಭಾಗದ ಸೋದರ ಸಂಬಂಧದ ಮದುವೆಗಳನ್ನು ಈ ದೃಷ್ಟಿಯಿಂದ ನೋಡಿದವರು ಕಡಿಮೆ. ಅಕ್ಕನ ಮಗಳನ್ನು ತಂದುಕೊಳ್ಳುವ ಮನೆಯಲ್ಲಿ ಹುಡುಗಿಯ ಬಾಲ್ಯದ ಕಾಯಿಲೆ ರಹಸ್ಯವಾಗಿ ಉಳಿಯಲಾರದು. ಗುಳಿಗೆಯನ್ನು ಮರೆಮಾಡಬೇಕಾದ ಪ್ರಮೇಯವೂ ಅಷ್ಟಾಗಿ ಇಲ್ಲ. ಅನುವಂಶೀಯವಾದ ಕೆಲವು ಬಗೆಯ ಮೂರ್ಛೆಗಳು ಇಂಥ ಮದುವೆಗಳಿಂದಲೇ ಹೆಚ್ಚಬಹುದೆಂಬುದು ಇದರ ಇನ್ನೊಂದು ಮುಖ. ಸಂಬಂಧದ ಹೊರಗೆ ಕೊಡುವುದು ಹೆಚ್ಚಿದಂತೆ ಮುಚ್ಚಿಡುವ ಅಗತ್ಯವೂ ಹೆಚ್ಚಿರಬೇಕೆಂದು ಊಹಿಸಬಹುದು.

ಫಿನಿಟಾಯಿನ್ ದೀರ್ಘಕಾಲ ಸೇವಿಸಿದರೆ ಒಸಡು ಬೆಳೆಯುತ್ತದೆ, ಮುಖದ ಮೇಲೆ ಕೂದಲು ಹೆಚ್ಚುತ್ತದೆ. ಮುಚ್ಚಿಟ್ಟ ರೋಗವನ್ನು ಗುಳಿಗೆಯೇ ಮುಖದ ಮೇಲೆ ಬರೆಯುತ್ತದೆ. ಪ್ರಮಾಣದ ವಿಷಯದಲ್ಲಿಯೂ ಈ ಔಷಧ ಮೋಸಗಾರ. ಒಂದು ಮಿತಿ ದಾಟಿದ ಮೇಲೆ ಅಲ್ಪ ಹೆಚ್ಚಳವೂ ರಕ್ತದಲ್ಲಿ ಅದರ ಅಂಶವನ್ನು ಬಹಳಷ್ಟು ಏರಿಸಿ, ನುಂಗಿದವರು ಕುಡಿದವರಂತೆ ತೂರಾಡುವಂತೆ ಮಾಡುತ್ತದೆ. ಫಿನಿಟಾಯಿನ್, ಫಿನೋಬಾರ್ಬಿಟೋನ್, ಕಾರ್ಬಮಜೆಪಿನ್ ಮೂರೂ ಸಂತಾನನಿಯಂತ್ರಣದ ಗುಳಿಗೆಯ ಶಕ್ತಿಯನ್ನು ತಗ್ಗಿಸುತ್ತವೆ. ಎರಡೂ ಗುಳಿಗೆಗಳು ಒಂದೇ ಆರೋಗ್ಯ ಕೇಂದ್ರದಿಂದ ಬರುತ್ತವೆ, ಆದರೆ ಬೇರೆಬೇರೆ ಪುಸ್ತಕಗಳಲ್ಲಿ ಬರೆಯಲ್ಪಡುತ್ತವೆ.

ಹದಿಹರೆಯದಲ್ಲಿ ಪ್ರಾರಂಭವಾಗುವ ಒಂದು ಬಗೆಯ ಮೂರ್ಛೆಯಲ್ಲಿ ಮುಂಜಾನೆ ಎದ್ದ ಕೂಡಲೆ ಕೈಗಳು ಥಟ್ಟನೆ ಕುಪ್ಪಳಿಸುತ್ತವೆ, ಹಿಡಿದ ಚರಿಗೆ ಜಾರಿ ಬೀಳುತ್ತದೆ. ಮನೆಯವರು ಅದನ್ನು ಹುಡುಗಿಯ ಅಜಾಗರೂಕತೆಯೆಂದು ಬೈಯುವುದುಂಟು. ವೈದ್ಯರ ಮುಂದೆ ಹೇಳುವುದಿಲ್ಲ. ಹೇಳದಿದ್ದರೆ ಕಾರ್ಬಮಜೆಪಿನ್ ಕೊಡುವ ಸಾಧ್ಯತೆಯಿದೆ, ಅದರಿಂದ ಈ ಕುಪ್ಪಳಿಕೆ ಇನ್ನೂ ಹೆಚ್ಚುತ್ತದೆ. ಇಂಥ ಮೂರ್ಛೆಗೆ ಅತ್ಯಂತ ಪರಿಣಾಮಕಾರಿಯಾದುದು ವಾಲ್‌ಪ್ರೋಯೇಟ್. ಹೆಣ್ಣುಮಕ್ಕಳಿಗೆ ಅತ್ಯಂತ ಅಪಾಯಕಾರಿಯಾದುದೂ ಅದೇ. ಬಸಿರಿನಲ್ಲಿ ಅದನ್ನು ಸೇವಿಸಿದ ತಾಯಂದಿರ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಮಕ್ಕಳು ಬೆನ್ನುಹುರಿ, ಹೃದಯ, ತುಟಿಗಳ ಊನದೊಡನೆ ಹುಟ್ಟುತ್ತಾರೆ. ಸಾಮಾನ್ಯವಾಗಿ ಈ ಪ್ರಮಾಣ ಎರಡು ಮೂರು. ನೂರಕ್ಕೆ ಮೂವತ್ತರಿಂದ ನಲವತ್ತು ಮಕ್ಕಳ ಮಾತು, ನಡೆ, ಬುದ್ಧಿಗಳ ಬೆಳವಣಿಗೆ ಕುಂಠಿತವಾಗಬಹುದು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ, ಬೇರೆ ದಾರಿಯಿಲ್ಲದಿದ್ದರೆ ಹೊರತು ಬಸುರಿಯರಿಗೆ ಇದನ್ನು ಕೊಡಬಾರದೆಂದೂ, ಹೆರುವ ವಯಸ್ಸಿನವರಿಗೆ ಗರ್ಭ ನಿಲ್ಲದಂತೆ ಮುಂಜಾಗ್ರತೆ ವಹಿಸಿಯೇ ಕೊಡಬೇಕೆಂದೂ ವಿಧಿಸಿತು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್‌ಗಳಲ್ಲಿ ಈ ಅಪಾಯ ಬಹಳ ಕಡಿಮೆ. ಬೆಲೆ ಹಳೆಯ ಗುಳಿಗೆಗಳಿಗಿಂತ ಹೆಚ್ಚು.

ಬಸಿರೆಂದು ತಿಳಿದ ಕೂಡಲೆ ಎಲ್ಲ ಗುಳಿಗೆಗಳನ್ನೂ ಬಿಡಿಸುವುದು ಮನೆಯ ಹಿರಿಯರ ವಾಡಿಕೆ. ಇದರ ಹಿಂದೆ ಮಗುವಿನ ಕಾಳಜಿಯೇ ಇದೆ. ಆದರೆ ಥಟ್ಟನೆ ನಿಲ್ಲಿಸಿದಾಗ ಬರುವ ದೊಡ್ಡ ಸೆಳೆತ ತಾಯಿ ಮಗು ಇಬ್ಬರಿಗೂ ಪ್ರಾಣಾಂತಿಕವಾಗಬಹುದು. ಗುಳಿಗೆ ನುಂಗಿದ ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ 1998ರಿಂದ ಮೂರ್ಛೆರೋಗವುಳ್ಳ ಗರ್ಭಿಣಿಯರ ನೋಂದಣಿ ನಡೆಯುತ್ತಿದ್ದು, ಯಾವ ಗುಳಿಗೆಯಿಂದ ಎಷ್ಟು ಅಪಾಯವೆಂಬುದನ್ನು ಭಾರತೀಯ ತಾಯಂದಿರ ದಾಖಲೆಗಳಿಂದಲೇ ತಿಳಿಯಲು ಸಾಧ್ಯವಾಗಿದೆ.

ಭ್ರೂಣದ ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ ನಾಲ್ಕು ವಾರಗಳೊಳಗೆ. ಆಗ ಹೆಣ್ಣುಮಗಳಿಗೆ ಒಂದು ಮುಟ್ಟು ತಪ್ಪಿರುತ್ತದೆ, ಅಷ್ಟೆ. ಫೋಲಿಕ್ ಆಮ್ಲದ ಗುಳಿಗೆಯನ್ನು ಅದಕ್ಕೂ ಮೊದಲೇ ಪ್ರಾರಂಭಿಸಬೇಕು. ವಾಲ್‌ಪ್ರೋಯೇಟನ್ನು ಬದಲಿಸುವುದಿದ್ದರೆ ಅದಕ್ಕೂ ಎಷ್ಟೋ ತಿಂಗಳು ಮೊದಲು, ಅಂದರೆ ಮದುವೆಯ ಮಾತುಕತೆ ನಡೆಯುತ್ತಿರುವ ಕಾಲದಲ್ಲಿಯೇ ಬದಲಿಸಬೇಕು. ಆರೋಗ್ಯ ಇಲಾಖೆಯ ತಾಯಿ ಕಾರ್ಡು ಕೈಗೆ ಬರುವುದು ಬಸಿರು ನೋಂದಣಿಯಾದ ಮೇಲೆ. ಕುಬಸ ಮಾಡುವುದು ಐದರಲ್ಲೋ ಏಳರಲ್ಲೋ. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಬಂದಾಗ, ಅವಳು ಹುಡುಗಿಯಾಗಿದ್ದಾಗ ನಗರದ ವೈದ್ಯರು ಬರೆದುಕೊಟ್ಟ ಚೀಟಿ ತಾಯಿಯ ಪೆಟ್ಟಿಗೆಯಲ್ಲಿಯೇ ಇರುತ್ತದೆ.